ಅಡಗಲು ಜಾಗ ಕೊಡದಿರೋಣ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ನೆರವು ಸಮಿತಿಯ ವೈದ್ಯ ಸದಸ್ಯರು ಮಾಡಿದ ಭಾಷಣದ ಬರಹರೂಪ)



ಊಟದ ಮೂಲಕ ಹೊಟ್ಟೆ ಸೇರುವ ರೋಗಾಣುಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಊಟಕ್ಕೆ ಮುಂಚೆ ಇಂಥ ವಿಷಯ ಬೇಡವೆಂದು ನಾನು ಹೇಳಿದೆ. "ಊಟಕ್ಕೆ ಮುಂಚೆಯೇ ಬೇಕು, ಎಲ್ಲರೂ ಕೈ ತೊಳೆದು ಕೂರುತ್ತಾರೆ" ಎಂದರು. ಹಾಗಾಗಿ ನಿಂತಿದ್ದೇನೆ. ಹತ್ತಾರು ರೋಗಾಣುಗಳ ಪಟ್ಟಿ ಓದುವುದಿಲ್ಲ. ಒಂದೇ ಒಂದನ್ನು ಆರಿಸಿಕೊಂಡಿದ್ದೇನೆ: ಟೈಫಾಯಿಡ್, ಅಂದರೆ ನಮ್ಮ ಹಿರಿಯರು ವಿಷಮಶೀತ ಜ್ವರ ಎನ್ನುತ್ತಿದ್ದ ಕಾಯಿಲೆಯ ರೋಗಾಣು. ನೆರವು ಕೋರಿ ಬರುವ ಅರ್ಜಿಗಳನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವ ಹೆಸರು ಇದು.

ಮೊದಲು ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಕುಂದಾಪುರ ಕಡೆಯ ಹತ್ತೊಂಬತ್ತರ ಹುಡುಗನೊಬ್ಬ ನನ್ನ ದವಾಖಾನೆಗೆ ಬಂದ. ಹೋಟೆಲಿನಲ್ಲಿ ಕೆಲಸ, ಆರು ಮಂದಿಯ ಜತೆ ಒಂದೇ ಖೋಲಿಯಲ್ಲಿ ವಾಸ. ಒಂದು ವಾರದಿಂದ ಜ್ವರ, ತಲೆನೋವು, ನಾಲಿಗೆಗೆ ರುಚಿಯಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಟೈಫಾಯಿಡ್ ಎಂದು ತಿಳಿದು, ಹತ್ತು ದಿನಕ್ಕೆ ಮಾತ್ರೆ ಬರೆದುಕೊಟ್ಟೆ. "ಪೂರ್ತಿ ಮುಗಿಸು" ಎಂದೂ ಹೇಳಿದೆ. ಸಂಬಳ ಆಗಿರಲಿಲ್ಲ, ಅವನು ಐದು ದಿನದ ಮಾತ್ರೆ ಮಾತ್ರ ಕೊಂಡ. ಐದನೆಯ ದಿನ ಜ್ವರ ಇಳಿಯಿತು, ಆರನೆಯ ದಿನ ಕೆಲಸಕ್ಕೆ ಹೋದ. ಮುಂದಿನ ವಾರ ಮತ್ತೆ ಜ್ವರ. ಹಿಂದೆಯೇ ಹೊಟ್ಟೆಯಲ್ಲಿ ಕತ್ತಿಯಿಂದ ಇರಿದಂಥ ನೋವು. ಸಣ್ಣ ಕರುಳು ತೂತಾಗಿತ್ತು. ಮಧ್ಯರಾತ್ರಿ ಶಸ್ತ್ರಚಿಕಿತ್ಸೆ ಆಯಿತು. ಖರ್ಚಿನ ದೊಡ್ಡ ಪಾಲನ್ನು ಈ ನಿಧಿ ಕೊಟ್ಟಿತು. ಹುಡುಗ ಉಳಿದ.

ವಾರ್ಡಿನಲ್ಲಿ ಎದ್ದು ಕೂರುವಷ್ಟಾದ ಮೇಲೆ ಅವನು ನನ್ನನ್ನು ಕೇಳಿದ: "ಡಾಕ್ಟ್ರೇ, ಜ್ವರ ಬಿಟ್ಟಿತ್ತಲ್ಲ, ಅಷ್ಟು ದಿನ ಅದು ಎಲ್ಲಿ ಅಡಗಿ ಕೂತಿತ್ತು?"

ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ಈ ರೋಗಾಣುವಿನ ಹೆಸರು ಸಾಲ್ಮೊನೆಲ್ಲಾ ಟೈಫಿ. ಕೊಳಕು ನೀರಿನಲ್ಲೋ, ಅಂಥ ನೀರಿನ ಐಸಿನಲ್ಲೋ, ಸರಿಯಾಗಿ ತೊಳೆಯದ ಕೈಯಿಂದ ಕಲಸಿದ ಕೋಸಂಬರಿಯಲ್ಲೋ ಅದು ಬಾಯಿಗೆ ಬರುತ್ತದೆ. ಮೊದಲು ಎದುರಾಗುವುದು ಜಠರದ ಆಮ್ಲ. ಹಸಿದ ಹೊಟ್ಟೆಯ ಆಮ್ಲ ನಿಂಬೆರಸಕ್ಕಿಂತ ತೀಕ್ಷ್ಣ, ಒಳಬಂದ ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಆದರೆ ಸಾಲ್ಮೊನೆಲ್ಲಾ ಕುಲಕ್ಕೆ ಒಂದು ಗುಣವಿದೆ. ಮೊದಲು ಅಷ್ಟಿಷ್ಟು ಹುಳಿಯ ನಡುವೆ ಸ್ವಲ್ಪ ಹೊತ್ತು ಇದ್ದರೆ, ತನ್ನನ್ನು ಕಾಯ್ದುಕೊಳ್ಳುವ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಆಮೇಲೆ ಕಡು ಹುಳಿಯನ್ನೂ ಮೊದಲಿಗಿಂತ ಚೆನ್ನಾಗಿ ತಾಳುತ್ತದೆ. ಆಹಾರದ ತುಣುಕಿನ ನಡುವೆ ಸಿಕ್ಕಿಕೊಂಡಿದ್ದರಂತೂ ಆಮ್ಲ ಅದನ್ನು ನೇರವಾಗಿ ಮುಟ್ಟುವುದೇ ಕಷ್ಟ. ಎದೆಯುರಿಗೆಂದು ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಬೇಕಾದವರು ತೆಗೆದುಕೊಳ್ಳಲೇಬೇಕು. ಆದರೆ ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಮುಂದುವರಿಸಬೇಡಿ. ಮನೆಯ ಹೆಬ್ಬಾಗಿಲ ಕಾವಲುಗಾರನಿಗೆ ನಾವೇ ರಜೆ ಕೊಟ್ಟಂತಾಗುತ್ತದೆ.

ಅಲ್ಲಿಂದ ಕರುಳು. ಕರುಳು ಖಾಲಿ ಜಾಗವಲ್ಲ. ಅಲ್ಲಿ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾಗಳು ಮೊದಲೇ ಸಂಸಾರ ಹೂಡಿರುತ್ತವೆ. ಹೊಸಬರಿಗೆ ಊಟವೂ ಸಿಗದು, ಜಾಗವೂ ಸಿಗದು. ಮುಂಬಯಿ ಲೋಕಲ್ಲಿನಲ್ಲಿ ಬೆಳಗಿನ ಹೊತ್ತು ನಾಲ್ಕನೆಯ ಸೀಟು ಹಿಡಿದಂತೆ. ಇಂಥಲ್ಲಿ ಜಾಗ ಮಾಡಿಕೊಳ್ಳುವುದು ಹೇಗೆ? ಒಂದೇ ಕುಲದ ಇಬ್ಬರು ದಾಯಾದಿಗಳು ಎರಡು ಬೇರೆ ದಾರಿ ಹಿಡಿದಿದ್ದಾರೆ.

ಮೊದಲನೆಯದು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ. ಇಲಿಗಳಿಗೆ ಟೈಫಾಯಿಡ್‌ನಂಥ ಕಾಯಿಲೆ ತರುತ್ತದೆಂದು ಅದಕ್ಕೆ ಆ ಹೆಸರು. ಮನುಷ್ಯರಿಗೆ ಅದು ತರುವುದು ವಾಂತಿ, ಭೇದಿ. ಕೋಳಿ, ಹಂದಿ, ದನ, ಎಲ್ಲದರ ಹೊಟ್ಟೆಯಲ್ಲೂ ಬದುಕುತ್ತದೆ. ಇದು ಗಲಾಟೆ ಎಬ್ಬಿಸಿ ಲಾಭ ಮಾಡಿಕೊಳ್ಳುವ ಜಾತಿ. ಕರುಳಿನ ಗೋಡೆಯನ್ನು ಬೇಕೆಂದೇ ಕೆರಳಿಸುತ್ತದೆ, ಕರುಳು ಉರಿಯೂತದಿಂದ ಊದಿಕೊಳ್ಳುತ್ತದೆ, ನಮ್ಮ ಬಿಳಿ ರಕ್ತಕಣಗಳು ಧಾವಿಸಿ ಬಂದು ಆಮ್ಲಜನಕದ ತೀಕ್ಷ್ಣ ರಾಸಾಯನಿಕಗಳನ್ನು ಎರಚುತ್ತವೆ. ಆ ರಾಸಾಯನಿಕಗಳು ಕರುಳಿನಲ್ಲಿರುವ ಗಂಧಕದ ಸಂಯುಕ್ತವೊಂದನ್ನು ಟೆಟ್ರಾಥಯೊನೇಟ್ ಎಂಬ ವಸ್ತುವಾಗಿ ಬದಲಿಸುತ್ತವೆ. ನಾವು ಆಮ್ಲಜನಕ ಬಳಸಿ ಉಸಿರಾಡುವಂತೆ ಸಾಲ್ಮೊನೆಲ್ಲಾ ಈ ವಸ್ತುವನ್ನು ಬಳಸಿ ಉಸಿರಾಡಬಲ್ಲದು. ಅಲ್ಲಿನ ಹಳೆಯ ನಿವಾಸಿಗಳಲ್ಲಿ ಹೆಚ್ಚಿನವಕ್ಕೆ ಅದು ಬಾರದು. ಹೀಗೆ ನಮ್ಮ ಮೈ ಅದನ್ನು ಓಡಿಸಲು ಹಚ್ಚಿದ ಬೆಂಕಿಯಲ್ಲೇ ಅದು ಅಡುಗೆ ಮಾಡಿಕೊಳ್ಳುತ್ತದೆ. ಇದು ಸ್ಪಷ್ಟವಾಗಿ ತಿಳಿದದ್ದು 2010ರಲ್ಲಿ.

ಟೈಫಿಯ ದಾರಿ ಇದಕ್ಕೆ ತದ್ವಿರುದ್ಧ. ಅದು ಸದ್ದಿಲ್ಲದೆ ಒಳನುಗ್ಗುವ ಜಾತಿ. ಅದರ ಬಳಿ 'ವಿಐ' ಎಂದು ಕರೆಯುವ, ಸಕ್ಕರೆ ಎಳೆಗಳಿಂದಾದ ಒಂದು ಹೊದಿಕೆಯಿದೆ. ಕರುಳಿನ ಒಳಗಿನ, ಉಪ್ಪಿನಂಶ ಹೆಚ್ಚಿರುವ ದ್ರವದಲ್ಲಿ ತೇಲುವಾಗ ಆ ಹೊದಿಕೆಯನ್ನು ಅದು ತಯಾರಿಸುವುದಿಲ್ಲ, ಗೋಡೆಗೆ ಅಂಟಿಕೊಳ್ಳಲು ಅಡ್ಡಿಯಾಗುತ್ತದಲ್ಲ. ಗೋಡೆ ದಾಟಿದೊಡನೆ ಸುತ್ತಲಿನ ಉಪ್ಪು ಕಡಿಮೆಯಾದದ್ದನ್ನು ಗುರುತಿಸಿ ಹೊದಿಕೆ ಹೊದ್ದುಕೊಳ್ಳುತ್ತದೆ. ಈಜಲು ಬಳಸುವ ಬಾಲದಂಥ ಎಳೆಗಳ ತಯಾರಿಕೆಯನ್ನು ಅದೇ ಹೊತ್ತಿಗೆ ತಗ್ಗಿಸುತ್ತದೆ, ಏಕೆಂದರೆ ಆ ಎಳೆಗಳನ್ನು ಕಂಡರೆ ನಮ್ಮ ಮೈಯ ಕಾವಲು ಪಡೆ ಎಚ್ಚರಗೊಳ್ಳುತ್ತದೆ. ಹೀಗಾಗಿ ಮೊದಲ ಒಂದೆರಡು ವಾರ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಜ್ವರ ಬಂದವನು ಇವತ್ತು ತಿಂದ ವಡೆಯನ್ನು ಬೈಯುತ್ತಾನೆ. ರೋಗಾಣು ಹೊಕ್ಕದ್ದು ಯಾವತ್ತೋ ಕುಡಿದ ಕಬ್ಬಿನ ಹಾಲಿನ ಐಸಿನಿಂದ.

ಇನ್ನೂ ಆಶ್ಚರ್ಯವಿದೆ. ರೋಗಾಣುಗಳನ್ನು ನುಂಗಿ ಅರಗಿಸಿಕೊಳ್ಳುವ ಬಿಳಿ ಕಣಗಳು ನಮ್ಮಲ್ಲಿವೆ. ಟೈಫಿ ಅವುಗಳ ಹೊಟ್ಟೆಯಲ್ಲೇ ಬಿಡಾರ ಹೂಡುತ್ತದೆ. ನುಂಗಿದ ಕಣ ಅದನ್ನು ಒಂದು ಚಿಕ್ಕ ಚೀಲದಲ್ಲಿ ಹಾಕಿ ಆಮ್ಲ ಸುರಿಯುತ್ತದೆ, ಮೆಗ್ನೀಸಿಯಂ ಸಿಗದಂತೆ ಮಾಡುತ್ತದೆ. ಟೈಫಿಗೆ ಅವೇ ಸೂಚನೆಗಳು. "ನಾನು ಈಗ ಒಳಗಿದ್ದೇನೆ" ಎಂದು ತಿಳಿದಂತೆ, ಸೂಜಿಯಂಥ ಅತಿಸೂಕ್ಷ್ಮ ಸಲಕರಣೆ ಕಟ್ಟಿ, ಅದರ ಮೂಲಕ ತನ್ನ ಪ್ರೋಟೀನುಗಳನ್ನು ಆ ಕಣದೊಳಗೆ ಚುಚ್ಚಿ, ಚೀಲವನ್ನು ತನಗೆ ಬೇಕಾದ ಮನೆಯಾಗಿ ಮಾಡಿಕೊಳ್ಳುತ್ತದೆ. ನಮ್ಮದೇ ಪೊಲೀಸ್ ಜೀಪಿನಲ್ಲಿ ಕೂತು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಿಗೆ ಪ್ರಯಾಣ ಮಾಡುತ್ತದೆ.

"ತಿಳಿದಂತೆ" ಎಂದೆ. ಅದಕ್ಕೆ ಬುದ್ಧಿಯಿಲ್ಲ, ದ್ವೇಷವೂ ಇಲ್ಲ. ಲಕ್ಷ ಲಕ್ಷ ತಲೆಮಾರುಗಳಲ್ಲಿ ಹೀಗೆ ಮಾಡಬಲ್ಲವು ಉಳಿದವು, ಮಾಡಲಾಗದವು ಅಳಿದವು. ಅಷ್ಟೇ. 2001ರಲ್ಲಿ ವಿಜ್ಞಾನಿಗಳು ಟೈಫಿಯ ವಂಶವಾಹಿಗಳ ಪೂರ್ಣ ಪಟ್ಟಿ ಓದಿದಾಗ, ಇನ್ನೂರಕ್ಕೂ ಹೆಚ್ಚು ವಂಶವಾಹಿಗಳು ಮುರಿದು ಕೆಲಸಕ್ಕೆ ಬಾರದಂತಾಗಿದ್ದವು. ಅವುಗಳಲ್ಲಿ ಹಲವು, ಬೇರೆ ಬೇರೆ ಪ್ರಾಣಿಗಳ ಕರುಳಿನಲ್ಲಿ ಬದುಕಲು ಅದರ ದಾಯಾದಿಗಳಿಗೆ ನೆರವಾಗುವಂಥವು. ಒಂದೇ ಮನೆಯಲ್ಲಿ ಬಹುಕಾಲ ಉಳಿದವನು ಬೇರೆ ಮನೆಗಳ ಬೀಗದಕೈ ಕಳೆದುಕೊಂಡಂತೆ. ಟೈಫಿಗೆ ಈಗ ಮನುಷ್ಯನ ಮೈ ಬಿಟ್ಟರೆ ಬೇರೆ ನೆಲೆಯಿಲ್ಲ. ಕೋಳಿಯಲ್ಲಿಲ್ಲ, ದನದಲ್ಲಿಲ್ಲ. ಇದರಲ್ಲಿ ನಮಗೊಂದು ಭರವಸೆಯಿದೆ: ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹೋಗುವ ದಾರಿ ಮುಚ್ಚಿದರೆ ಅದಕ್ಕೆ ಬೇರೆ ದಾರಿಯಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಎಲ್ಲಿ ಅಡಗಿತ್ತು? ಬಿಳಿ ಕಣಗಳ ಒಳಗೆ, ಮೂಳೆಮಜ್ಜೆಯಲ್ಲಿ, ಮತ್ತು ಪಿತ್ತಕೋಶದಲ್ಲಿ. ಪಿತ್ತರಸ ಸಾಬೂನಿನಂಥದ್ದು, ಜಿಡ್ಡನ್ನು ಕರಗಿಸುತ್ತದೆ. ಬ್ಯಾಕ್ಟೀರಿಯಾಗಳ ಹೊರಪೊರೆಯೂ ಜಿಡ್ಡಿನದೇ ಆದ್ದರಿಂದ ಹಲವು ಬ್ಯಾಕ್ಟೀರಿಯಾಗಳು ಅಲ್ಲಿ ಬದುಕಲಾರವು. ಟೈಫಿ ಒಳಬಂದ ಪಿತ್ತವನ್ನು ಹೊರಕ್ಕೆ ತಳ್ಳುತ್ತಾ ಬದುಕುತ್ತದೆ. ಅಲ್ಲಿಂದ ಪಿತ್ತರಸದೊಂದಿಗೆ ಮತ್ತೆ ಸಣ್ಣ ಕರುಳಿಗೆ ಇಳಿಯುತ್ತದೆ. ಕರುಳಿನ ಕೊನೆಯ ಭಾಗದ ಗೋಡೆಯಲ್ಲಿ ರೋಗನಿರೋಧಕ ಕಣಗಳ ಚೌಕಿಗಳಿವೆ. ಟೈಫಿ ಮೊದಲ ಸಲ ಒಳಹೊಕ್ಕದ್ದೂ ಅಲ್ಲಿಂದಲೇ. ಆ ಚೌಕಿಗಳು ಈಗ ಉರಿದು, ಹುಣ್ಣಾಗಿ, ಕೊನೆಗೆ ತೂತಾಗಬಹುದು. ಸಾಮಾನ್ಯವಾಗಿ ಮೂರನೆಯ ವಾರದಲ್ಲಿ. ಐದನೆಯ ಮಾತ್ರೆಯ ದಿನ ಜ್ವರ ಇಳಿದದ್ದು ರೋಗ ತಗ್ಗಿದ ಗುರುತು, ಮುಗಿದ ಗುರುತಲ್ಲ. ಉಳಿದ ಐದು ದಿನದ ಮಾತ್ರೆ ಇದ್ದದ್ದು ಅಡಗಿದ್ದವುಗಳಿಗಾಗಿ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. "ಪೂರ್ತಿ ಮುಗಿಸು" ಎಂದೆನೇ ಹೊರತು, "ಪೂರ್ತಿ ಕೊಳ್ಳಲು ದುಡ್ಡಿದೆಯಾ ಮಗಾ?" ಎಂದು ಕೇಳಲಿಲ್ಲ. ಕೇಳಿದ್ದರೆ ಆ ಶಸ್ತ್ರಚಿಕಿತ್ಸೆ ಬೇಕಾಗುತ್ತಿರಲಿಲ್ಲವೇನೋ. ಅಂದಿನಿಂದ ಆ ಪ್ರಶ್ನೆ ಕೇಳದೆ ಚೀಟಿ ಬರೆಯುವುದಿಲ್ಲ.

ಎಲ್ಲರಿಗೂ ಕರುಳು ತೂತಾಗುವುದಿಲ್ಲ. ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಸೋಂಕು ತಗುಲಿದ ನೂರು ಮಂದಿಯಲ್ಲಿ ಎರಡರಿಂದ ಐದು ಮಂದಿಯ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದರೆ, ಕೆರೆಯ ಮೆಟ್ಟಿಲ ಮೇಲಿನ ಪಾಚಿಯಂತೆ ಆ ಕಲ್ಲಿನ ಮೇಲೆ ಲೋಳೆಪದರ ಕಟ್ಟಿಕೊಂಡು ಕೂರುತ್ತದೆ. ಆ ಪದರದೊಳಗೆ ಔಷಧಿಯೂ ಸರಿಯಾಗಿ ಇಳಿಯದು. ಇವರಿಗೆ ಜ್ವರವಿಲ್ಲ, ನೋವಿಲ್ಲ, ಆದರೆ ಮಲದ ಮೂಲಕ ರೋಗಾಣು ಹೊರಬೀಳುತ್ತಿರುತ್ತದೆ. ಇವರನ್ನು ರೋಗವಾಹಕರು ಎನ್ನುತ್ತೇವೆ.

ಇಂಥವರಲ್ಲಿ ಜಗತ್ತಿಗೆಲ್ಲ ಹೆಸರಾದವಳು ಮೇರಿ ಮ್ಯಾಲನ್. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಹೊಟ್ಟೆಪಾಡಿಗೆ ಬಂದ ಅಡುಗೆಯವಳು. ಅವಳು ಕೆಲಸ ಮಾಡಿದ ಮನೆಗಳಲ್ಲಿ ಟೈಫಾಯಿಡ್ ಕಾಣಿಸಿಕೊಳ್ಳುತ್ತಿದ್ದುದನ್ನು ಜಾರ್ಜ್ ಸೋಪರ್ ಎಂಬ ತಜ್ಞ ಪತ್ತೆ ಮಾಡಿದ. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದಲ್ಲಿ ಬೇರೆಯಾಗಿ ಇಟ್ಟರು. ತನಗೆ ಕಾಯಿಲೆಯೇ ಇಲ್ಲ ಎಂಬುದು ಅವಳ ವಾದ. ಅವಳ ಅನುಭವದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಇನ್ನು ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಅಡುಗೆಯಷ್ಟು ಸಂಬಳ ಅದರಲ್ಲಿರಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಟೈಫಾಯಿಡ್ ಹಬ್ಬಿದಾಗ ಅಡುಗೆಮನೆಯಲ್ಲಿ ಸಿಕ್ಕಿದವಳು ಅವಳೇ. ಮತ್ತೆ ದ್ವೀಪ. 1938ರಲ್ಲಿ ಸಾಯುವವರೆಗೂ ಅಲ್ಲೇ. ಅವಳನ್ನು ಬೈಯುವವರು ಬಹಳ. ನನಗೆ ಮಾತ್ರ ಅವಳ ಕತೆಯಲ್ಲಿ ಕಾಣುವುದು ಇಷ್ಟು: ಅಡುಗೆ ಬಿಡು ಎಂದವರಿದ್ದರು, ಬಿಟ್ಟ ಮೇಲೆ ಹೊಟ್ಟೆಗೇನು ಎಂಬುದನ್ನು ಯಾರೂ ಸರಿಯಾಗಿ ವಿಚಾರಿಸಲಿಲ್ಲ.

ನಮ್ಮಲ್ಲೂ ಒಂದು ಪ್ರಸಂಗ ನಡೆಯಿತು. ಹೆಸರು, ಜಾಗ ಹೇಳುವುದಿಲ್ಲ. ಒಂದು ಚಿಕ್ಕ ಖಾನಾವಳಿಯಲ್ಲಿ ಊಟ ಮಾಡುತ್ತಿದ್ದ ಮೂವರಿಗೆ ಕೆಲವೇ ತಿಂಗಳಲ್ಲಿ ಟೈಫಾಯಿಡ್ ಬಂತು. ಅಲ್ಲಿನ ಅಡುಗೆ ಭಟ್ಟರು ಐವತ್ತು ದಾಟಿದವರು, ಬಹಳ ಶುಚಿ, ದಿನಕ್ಕೆರಡು ಸ್ನಾನ. ಹತ್ತು ವರ್ಷದ ಹಿಂದೆ ಒಮ್ಮೆ ತಿಂಗಳುಗಟ್ಟಲೆ ಜ್ವರ ಬಂದಿತ್ತಂತೆ. ಪರೀಕ್ಷಿಸಿದರೆ ಮಲದಲ್ಲಿ ಟೈಫಿ, ಪಿತ್ತಕೋಶದಲ್ಲಿ ಕಲ್ಲು. ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡಾಕ್ಟ್ರೇ, ಅನ್ನದಾನ ಮಾಡಿದ ಕೈ ಅಂತ ತಿಳಿದಿದ್ದೆ. ಈ ಮಾತು ಹೊರಗೆ ಬಿದ್ದರೆ ಒಲೆ ಹತ್ತಿರ ಯಾರು ಬಿಡ್ತಾರೆ? ಮಗಳ ಮದುವೆ ಇದೆ" ಎಂದರು. ಕಣ್ಣಲ್ಲಿ ನೀರಿತ್ತು.

ಅವರು ಅಂದು ರಾತ್ರಿಯೇ ಕೆಲಸ ಬಿಟ್ಟು ಇನ್ನೊಂದು ಊರಿನ ಇನ್ನೊಂದು ಅಡುಗೆಮನೆ ಸೇರಬಹುದಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸೇರಲಿಲ್ಲ, ಏಕೆಂದರೆ ಈ ಸಂಘ ಅವರ ಬೆನ್ನಿಗೆ ನಿಂತಿತು. ಖಾನಾವಳಿಯ ಮಾಲೀಕರು ಅವರನ್ನು ಗಲ್ಲಾಕ್ಕೆ ಕೂರಿಸಿದರು. ಕಡಿಮೆಯಾದ ಸಂಬಳವನ್ನು ನಿಧಿ ತುಂಬಿಕೊಟ್ಟಿತು. ದೀರ್ಘ ಔಷಧಿ, ಪಿತ್ತಕೋಶದ ಶಸ್ತ್ರಚಿಕಿತ್ಸೆ, ಆಮೇಲೆ ಮತ್ತೆ ಮತ್ತೆ ಪರೀಕ್ಷೆ, ಎಲ್ಲ ಆಯಿತು. ಪರೀಕ್ಷೆಗಳಲ್ಲಿ ರೋಗಾಣು ಕಾಣದಾದ ಮೇಲೆ ಒಲೆಗೆ ಮರಳಿದರು. ಮಗಳ ಮದುವೆಯ ಊಟಕ್ಕೆ ನನ್ನನ್ನೂ ಕರೆದರು. ಹೋಗಿದ್ದೆ, ಪಾಯಸ ಎರಡು ಸಲ ಹಾಕಿಸಿಕೊಂಡೆ.

ಔಷಧಿಯ ವಿಚಾರದಲ್ಲಿ ಎಚ್ಚರಿಕೆಯ ಮಾತೊಂದಿದೆ. ಟೈಫಾಯಿಡ್‌ಗೆ ಕ್ಲೋರಂಫೆನಿಕಾಲ್ ಬಳಕೆಗೆ ಬಂದದ್ದು 1948ರಲ್ಲಿ. ಅದಕ್ಕೂ ಬಗ್ಗದ ಟೈಫಿ 1972ರಲ್ಲಿ ಮೆಕ್ಸಿಕೊದಲ್ಲೂ ನಮ್ಮ ನೆರೆಯ ಕೇರಳದಲ್ಲೂ ಕಾಣಿಸಿಕೊಂಡಿತು. ಮುಂದೆ ಒಂದಾದ ಮೇಲೊಂದು ಔಷಧಿಗೆ ಅದು ಒಗ್ಗಿಕೊಂಡಿತು. ಹಿಂದೆ ನಾವು ಕಣ್ಣುಮುಚ್ಚಿ ಬರೆಯುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಇಂದು ಭಾರತದ ಹೆಚ್ಚಿನ ಟೈಫಿಗೆ ಸರಿಯಾಗಿ ನಾಟದು. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹರಡಿದ ಬಗೆಗೆ ಬಾಯಿಯಿಂದ ಕೊಡುವ ಔಷಧಿಗಳಲ್ಲಿ ಅಜಿಥ್ರೊಮೈಸಿನ್ ಒಂದೇ ಉಳಿದಿತ್ತು. ಅರ್ಧಕ್ಕೆ ಬಿಟ್ಟ ಮಾತ್ರೆ, ಟೈಫಾಯಿಡ್ ಅಲ್ಲದ ಜ್ವರಕ್ಕೂ ಅಂಗಡಿಯಿಂದ ಕೇಳಿ ತಂದ ಮಾತ್ರೆ, ಎರಡೂ ಅದಕ್ಕೆ ಪಾಠ ಹೇಳಿಕೊಡುತ್ತವೆ. ಆದ್ದರಿಂದ ಜ್ವರ ಮೂರು ದಿನ ದಾಟಿದರೆ ಔಷಧಿ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ಮಾಡಿಸಿ. ವೈಡಾಲ್ ಪರೀಕ್ಷೆಯೊಂದನ್ನೇ ನಂಬಬೇಡಿ. ಯಾವ ಔಷಧಿ ನಾಟುತ್ತದೆ ಎಂಬುದನ್ನು ಕಲ್ಚರ್ ಹೇಳುತ್ತದೆ, ವೈಡಾಲ್ ಹೇಳದು.

ಒಳ್ಳೆಯ ಸುದ್ದಿಯೂ ಇದೆ. ಟೈಫಿ ಯಾವ ಹೊದಿಕೆಯೊಳಗೆ ಅಡಗುತ್ತದೋ ಅದನ್ನೇ ಹಿಡಿದು ಲಸಿಕೆ ಮಾಡಿದ್ದಾರೆ. ವಿಐ ಹೊದಿಕೆಯ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿದರೆ ಎಳೆಯ ಮಕ್ಕಳ ಮೈಯೂ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಇಂಥ ಒಂದು ಲಸಿಕೆ ನಮ್ಮ ಹೈದರಾಬಾದಿನಲ್ಲೇ ತಯಾರಾಗಿ, 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು. 2018ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ಒಂಬತ್ತು ತಿಂಗಳಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅದನ್ನು ಕೊಡಲು ಆರಂಭಿಸಿತು. ಮೊದಲ ಹಂತದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸಿಕ್ಕಿತು. ಪ್ಯಾರಾಟೈಫಾಯಿಡ್ ತರುವ ಸೋದರ ರೋಗಾಣುವಿಗೆ ಈ ಹೊದಿಕೆ ಇಲ್ಲದ್ದರಿಂದ ಅದನ್ನು ಈ ಲಸಿಕೆ ತಡೆಯದು. ಹಾಗಾಗಿ ಲಸಿಕೆ ಹಾಕಿಸಿಕೊಂಡವರೂ ಕುದಿಸಿದ ನೀರು, ಬಿಸಿ ಊಟ, ಸಾಬೂನು ಹಚ್ಚಿ ತೊಳೆದ ಕೈ, ಈ ಮೂರನ್ನು ಬಿಡುವಂತಿಲ್ಲ.

ಇನ್ನು ನನ್ನ ಬೇಡಿಕೆ. ಟೈಫಿ ನಮ್ಮ ಆಮ್ಲಕ್ಕೆ, ಪಿತ್ತಕ್ಕೆ, ಬಿಳಿ ಕಣಕ್ಕೆ, ಔಷಧಿಗೆ, ಎಲ್ಲಕ್ಕೂ ಒಗ್ಗಿಕೊಂಡಿತು. ನನ್ನ ಅನುಭವದಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿ ಅಡಗುವುದು ಇನ್ನೊಂದು ಕಡೆ: ದಿನಗೂಲಿ ತಪ್ಪುತ್ತದೆಂಬ ಭಯದಲ್ಲಿ. ಜ್ವರ ಇದ್ದರೂ ಕೆಲಸಕ್ಕೆ ಹೋಗುವ ಹುಡುಗ, ಅರ್ಧ ಮಾತ್ರೆ ಕೊಳ್ಳುವವನು, ಕಾಯಿಲೆ ಮುಚ್ಚಿಡುವ ಅಡುಗೆಯವರು, ಇವರ ಭಯದಲ್ಲಿ ಅದು ಹಾಯಾಗಿ ಬದುಕುತ್ತದೆ. ಆ ಜಾಗ ಖಾಲಿ ಮಾಡಿಸುವ ಶಕ್ತಿ ನಮ್ಮ ನಿಧಿಗೆ ಇದೆ.

ಆದ್ದರಿಂದ ಈ ವರ್ಷದ ನಿಧಿಯಲ್ಲಿ ಮೂರು ಪಾಲು ಎತ್ತಿಡಬೇಕೆಂದು ಸಮಿತಿ ಕೇಳಿಕೊಂಡಿದೆ. ಒಂದು, ಅರ್ಜಿ, ಸಹಿ, ಸಭೆ ಎಂದು ಕಾಯಿಸದೆ ಕಲ್ಚರ್ ಪರೀಕ್ಷೆ ಹಾಗೂ ಪೂರ್ತಿ ಅವಧಿಯ ಮಾತ್ರೆ ಅದೇ ದಿನ ಸಿಗುವಂತೆ ಸಣ್ಣ ತುರ್ತು ಮೊತ್ತ. ಎರಡು, ಹಾಸಿಗೆ ಹಿಡಿದ ದಿನಗಳ ಕೂಲಿಯ ಒಂದು ಭಾಗ. ಮೂರು, ಹೋಟೆಲು, ಖಾನಾವಳಿಗಳಲ್ಲಿ ದುಡಿಯುವ ನಮ್ಮವರಿಗೆ ಲಸಿಕೆ ಶಿಬಿರ. ಹೋಟೆಲು ಮಾಲೀಕರು ಇಲ್ಲಿ ಹಲವರಿದ್ದೀರಿ. ನಿಮ್ಮಲ್ಲಿ ನನ್ನ ವಿಶೇಷ ವಿನಂತಿ: ಜ್ವರ ಬಂದಿದೆ ಎಂದು ಹೇಳಿದ ಹುಡುಗನ ಕೆಲಸ ಹೋಗುವುದಿಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಿ. ಇದಕ್ಕೆ ದುಡ್ಡು ಬೇಕಿಲ್ಲ.

ಕುಂದಾಪುರದ ಆ ಹುಡುಗ ಈಗ ಸ್ವಂತ ಟಿಫಿನ್ ಕೋಣೆ ಇಟ್ಟಿದ್ದಾನೆ. ಇವತ್ತಿನ ಊಟದ ಉಸ್ತುವಾರಿ ಅವನದೇ. ನೀರು ಕುದಿಸಿ ಆರಿಸಿದ್ದು ಎಂದು ಬೆಳಗ್ಗೆಯೇ ನನಗೆ ಫೋನು ಮಾಡಿ ಹೇಳಿದ್ದಾನೆ. ಧೈರ್ಯವಾಗಿ ಊಟಕ್ಕೆ ಏಳೋಣ. ಹೋಗುವಾಗ ಬಾಗಿಲ ಬಳಿ ನಿಧಿಯ ರಸೀದಿ ಪುಸ್ತಕ ಹಿಡಿದು ನಮ್ಮ ಕಾರ್ಯಕರ್ತರು ನಿಂತಿರುತ್ತಾರೆ. ಕೈಲಾದಷ್ಟು ಕೊಡಿ. ಕೈ ಮಾತ್ರ ತೊಳೆದುಕೊಂಡೇ ಕೂರಿ.